ಸದ್ದಿಲ್ಲದ ಹಳಿಯ ಇಪ್ಪತ್ತೆರಡು ದಿನ

ಅವಿನಾಶನು ನನ್ನ ಇಂಜಿನ್ನನ್ನು ಹಳಿಯ ಮೇಲಿಂದ ಕಿತ್ತು ಗೋಡೆಗೆ ಬೀಸಿ ಎಸೆದಾಗ ಅದರ ಚಕ್ರಗಳು ಇನ್ನೂ ತಿರುಗುತ್ತಿದ್ದವು. ಗೋಡೆಯ ಬಣ್ಣ ಅಂಗೈಯಗಲ ಎದ್ದು ಬಿದ್ದಿತು. ಮೂತಿಯೊಡೆದ ಇಂಜಿನ್ನು ನನ್ನ ಹೆಂಡತಿ ಇಂದೂಳ ಕಾಲ ಬಳಿಗೆ ಉರುಳಿತು. ಅವಳು ಚಹದ ಕಪ್ಪುಗಳ ತಾಟನ್ನು ಹಿಡಿದವಳು ಹಿಡಿದ ಹಾಗೆಯೇ ನಿಂತಿದ್ದಳು.

"ಮುದುಕಾ, ಇನ್ನೊಮ್ಮೆ ಇದರ ಸಪ್ಪಳಾ ಕೇಳಿಸ್ತಂದ್ರ ಇಂಜಿನ್ ಅಲ್ಲ, ನಿನ್ನ ಒಗೀತೀನಿ" ಎಂದನು.

"ಒಗಿಯಪಾ. ಆದ್ರ ಮದಲ ಚಪ್ಪಲಿ ಹೊರಗ ಬಿಟ್ಟು ಬಾ" ಎಂದೆ ನಾನು.

ಅವನು ನನ್ನ ಅಂಗಿಯ ಕೊರಳಪಟ್ಟಿಯನ್ನು ಹಿಡಿದು ಒಮ್ಮೆ ಅಲುಗಿಸಿ, ಗೋಡೆಗೆ ನೂಕಿ, ಹೊರಟುಹೋದನು. ತೆರೆದ ಬಾಗಿಲಿನಿಂದ ನೋಡಿದಾಗ ಕೆಳಗಿನ ಮನೆಯ ಬಾಗಿಲೂ ಹಾರು ಹೊಡೆದಿತ್ತು; ಹೊಸ್ತಿಲಲ್ಲಿ ಅವನ ಹೆಂಡತಿ ಮಂಜರಿ ನಿಂತಿದ್ದಳು. ಅವನು ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿತು.

ಮರಾಠಿ ಸೀಮೆಯ ವಾಕಡದ ಈ ಕಟ್ಟಡದಲ್ಲಿ ನಮ್ಮದು ಮೂರನೆಯ ಮಹಡಿ, ಅವನದು ಎರಡನೆಯದು. ಬೆಳಗಾವಿಯ ಕಡೆಯವನು, ಮೂವತ್ತೈದರ ವಯಸ್ಸು, ಹಿಂಜವಡಿಯ ಕಂಪನಿಗಳಿಗೆ ನೌಕರರನ್ನು ಸಾಗಿಸುವ ಗಾಡಿಗಳ ವ್ಯವಹಾರ. ಬೆಳಿಗ್ಗೆ ಗಾಡಿಗಳನ್ನು ಹೊರಡಿಸಿ ಮಧ್ಯಾಹ್ನವೆಲ್ಲ ಮನೆಯಲ್ಲಿರುತ್ತಿದ್ದನು. ನಾನು ಮೋಹನದಾಸ, ಮೂವತ್ತಾರು ವರ್ಷ ರೈಲು ಹಳಿಯ ಮೇಲ್ವಿಚಾರಣೆ ಮಾಡಿದವನು. ಲೋಂಡಾ ಘಾಟಿನಲ್ಲಿ ನನ್ನ ಪಾಲಿನ ಹಳಿಯ ಮೇಲೆ ನನ್ನ ಕಾಲದಲ್ಲಿ ಒಂದು ಗಾಡಿಯೂ ಹಳಿ ತಪ್ಪಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಿವೃತ್ತನಾದ ಮೇಲೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ಡಿನ ಮೇಲೆ ಆ ಘಾಟನ್ನೇ ಚಿಕ್ಕದಾಗಿ ಕಟ್ಟಿದ್ದೆ: ಎರಡು ಸುರಂಗ, ಒಂದು ಸೇತುವೆ, ಬೆರಳುದ್ದದ ಸ್ಟೇಷನ್ನು. ದಿನವೂ ಮೂರು ಗಂಟೆಗೆ ಗಾಡಿ ಬಿಡುತ್ತಿದ್ದೆ.

ಮರುದಿನ ಬೆಳಿಗ್ಗೆ ಮಂಜರಿ ಮೇಲೆ ಬಂದಳು. ಕೆಳದುಟಿ ಬಾತು ಒಂದು ಬದಿಗೆ ಜೋತಿತ್ತು. ಇಂದೂ ಅದನ್ನು ನೋಡಿ ಒಳಗಿನಿಂದ ಬರ್ಫದ ತುಂಡು ತಂದುಕೊಟ್ಟಳು.

"ಕಾಕಾ, ನಿನ್ನೆ ನಿಮಗ ಬೈದು ಕೆಳಗ ಬಂದ್ರು. ಉಳದದ್ದು ನನ್ನ ಪಾಲಿಗೆ ಬಂತು" ಎಂದಳು. "ರೈಲು ಬಂದ್ ಮಾಡ್ರಿ ಅನ್ನೂದಿಲ್ರಿ. ಆ ಗಡಗಡ ಸಪ್ಪಳಕ್ಕ ಅವರ ತಲಿ ಕೆಡ್ತದ. ಅದೊಂದು ಕಡಿಮಿ ಆದ್ರ ನನಗ ಹೊಡ್ಯೂದಿಲ್ಲ."

"ಅಂವಾ ಹಂಗಂದಾನೇನು?" ಎಂದು ಇಂದೂ ಕೇಳಿದಳು.

"ಹೊಡಿಯೂ ಮುಂದ ಅದನ್ನ ಅಂತಾರ್ರಿ ಕಾಕು."

ಅವಳು ಹೋದ ಮೇಲೆ ಇಂದೂ, "ಸುಮ್ನ ಬಂದ್ ಮಾಡಿ ಬಿಡ್ರೆಲಾ" ಎಂದಳು. ಗದರಿಕೆಗೆ ಹೆದರಿ ಗಾಡಿ ನಿಲ್ಲಿಸುವುದು ನನ್ನಿಂದ ಆಗುವಂಥದಲ್ಲ. ಆದರೆ ಮಗಳ ವಯಸ್ಸಿನವಳೊಬ್ಬಳು ಬಂದು ದೋಷವನ್ನು ತೋರಿಸಿದರೆ ತಿದ್ದುವುದು ನನ್ನ ಕೆಲಸ. ಸಪ್ಪಳಕ್ಕೆ ಮೂಲವಿರುತ್ತದೆ; ಮೂಲಕ್ಕೆ ಮದ್ದಿರುತ್ತದೆ; ಮದ್ದು ಮಾಡಿದರೆ ಹೊಡೆತ ನಿಲ್ಲುತ್ತದೆ. ಈ ಮೂರನೆಯ ಮಾತನ್ನೂ ಮೊದಲಿನ ಎರಡರಷ್ಟೇ ಗಟ್ಟಿಯಾಗಿ ನಂಬಿದೆ.

ಮೂಲವನ್ನು ಹುಡುಕುವುದು ಕಷ್ಟವಾಗಲಿಲ್ಲ. ನಾನು ಹಳಿಯನ್ನು ಪ್ಲೈವುಡ್ಡಿಗೆ ನೇರವಾಗಿ ಮೊಳೆ ಹೊಡೆದು ಕೂರಿಸಿದ್ದೆ. ಹಾಗೆ ಮಾಡಿದರೆ ಇಡೀ ಹಲಗೆ ತಬಲಾದ ಡಗ್ಗದ ಚರ್ಮದಂತೆ ನುಡಿಯುತ್ತದೆ. ಮೇಜಿನ ಕಾಲುಗಳು ಆ ನುಡಿಯನ್ನು ನೆಲಕ್ಕೆ ದಾಟಿಸುತ್ತವೆ. ನಿಜವಾದ ಹಳಿಯ ಕೆಳಗೆ ರಬ್ಬರಿನ ಪಟ್ಟಿ, ಅದರ ಕೆಳಗೆ ಸ್ಲೀಪರು, ಅದರ ಕೆಳಗೆ ಮೊಳದಷ್ಟು ಜಲ್ಲಿ ಇರುವುದನ್ನು ಜೀವಮಾನವಿಡೀ ಕಂಡ ನಾನು ನನ್ನ ಮನೆಯ ಹಳಿಗೆ ಹಾಸೇ ಇಲ್ಲದಂತೆ ಮಾಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಎಲ್ಲವನ್ನೂ ಕಿತ್ತೆ. ಮೇಜಿನ ಕಾಲುಗಳಿಗೆ ರಬ್ಬರಿನ ಬಿಲ್ಲೆಗಳನ್ನಿಟ್ಟೆ. ಹಲಗೆಯ ಮೇಲೆ ಯೋಗದ ಚಾಪೆಯನ್ನು ಕತ್ತರಿಸಿ ಅಂಟಿಸಿದೆ. ಅದರ ಮೇಲೆ ರವಿವಾರ ಪೇಟೆಯಿಂದ ತಂದ ಕಾರ್ಕಿನ ಹಾಳೆಯನ್ನು ಹಳಿಯ ಅಗಲಕ್ಕೆ ಪಟ್ಟಿಪಟ್ಟಿಯಾಗಿ ಕೊಯ್ದು, ತಿರುವುಗಳಲ್ಲಿ ಬಾಗಿಸಿ ಕೂರಿಸಿದೆ. ಒಂದೇ ಒಂದು ಮೊಳೆಯನ್ನೂ ಬಳಸಲಿಲ್ಲ. ಒಂದು ಮೊಳೆ ಸಾಕು, ಮೆತ್ತನೆಯ ಹಾಸನ್ನೆಲ್ಲ ದಾಟಿ ಸಪ್ಪಳವನ್ನು ಹಲಗೆಗೆ ಮುಟ್ಟಿಸುತ್ತದೆ. ಇಷ್ಟೆಲ್ಲ ಮಾಡಿ, ಸಣ್ಣ ಜಲ್ಲಿ ಚೆಲ್ಲಿ, ಮರಗೆಲಸದ ಬಿಳಿ ಗೋಂದನ್ನು ಸುರಿದೆ. ಅದು ಒಣಗಿ ಕಲ್ಲಾಯಿತು. ಗಾಡಿ ಬಿಟ್ಟರೆ ಮತ್ತೆ ಅದೇ ಗಡಗಡ. ಮೂರು ದಿನ ಕುಳಿತು ಜಲ್ಲಿಯನ್ನು ಉಳಿಯಿಂದ ಕೆರೆದು ತೆಗೆದು, ಒಣಗಿದರೂ ರಬ್ಬರಿನ ಹಾಗೆ ಬಾಗುವ ಅಂಟನ್ನು ತಂದು ಹೊಸದಾಗಿ ಮಾಡಿದೆ.

ಪರೀಕ್ಷೆಗೆ ಇಂದೂ ಹಲಗೆಯ ಮೇಲೆ ಸ್ಟೀಲಿನ ತಾಟನ್ನಿಟ್ಟು ಅದರಲ್ಲಿ ಒಂದು ಹಿಡಿ ಸಾಸಿವೆ ಹಾಕಿದಳು. ಮೊದಲಾಗಿದ್ದರೆ ಕಾಳುಗಳು ಕುಣಿದು ಹೊರಬೀಳುತ್ತಿದ್ದವು. ಈಗ ಮೂತಿಗೆ ಪಟ್ಟಿ ಹಾಕಿಸಿಕೊಂಡ ಇಂಜಿನ್ನು ಆರು ಡಬ್ಬಿಗಳನ್ನು ಎಳೆದುಕೊಂಡು ಸುರಂಗವನ್ನು ಹೊಕ್ಕು ಹೊರಟಿತು, ಸಾಸಿವೆ ಮಿಸುಕಲಿಲ್ಲ.

"ಘಾಟಿನ್ಯಾಗ ಬೆಕ್ಕು ಹೊಂಟಂಗ ಹೊಂಟದ" ಎಂದು ಇಂದೂ ನಕ್ಕಳು.

ನನಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಕೆಳಗಿನವರಿಗೆ ಏನು ಕೇಳಿಸುತ್ತದೆಂದು ತಿಳಿಯಬೇಕಲ್ಲ! ನೆಲದ ಮೇಲೆ ಮಲಗಿ ಫರ್ಶಿಗೆ ಕಿವಿಯಿಟ್ಟೆ. "ಜೋರು ಮಾಡು" ಎಂದೆ. ಇಂದೂ ಗುಂಡಿ ತಿರುಗಿಸಿದಳು.

ಆಗ ಕೇಳಿಸಿತು. ದಪ್ಪ್. ತುಸು ಬಿಟ್ಟು ಮತ್ತೊಂದು. ಹಳಿಯ ಜೋಡಣೆಯೊಂದು ಸಡಿಲಾಗಿ ಗಾಲಿ ಅದರ ಮೇಲೆ ಬಡಿಯುತ್ತಿದೆಯೆಂದುಕೊಂಡೆ. ಹಳಿಯವರಿಗೆ ಒಂದು ಚಟವಿರುತ್ತದೆ. ಜೋಡಣೆಯ ಬಡಿತಗಳನ್ನು ಎಣಿಸಿ ಗಾಡಿಯ ವೇಗ ಹೇಳುತ್ತೇವೆ. ನಾನೂ ಎಣಿಸಿದೆ: ಮೂರು, ನಾಲ್ಕು, ಐದು. ಲೆಕ್ಕ ಗಾಡಿಯ ವೇಗಕ್ಕೆ ಹೊಂದಲಿಲ್ಲ.

"ಗಾಡಿ ನಿಲ್ಲಿಸು ಇಂದೂ."

ಗಾಡಿ ನಿಂತಿತು. ಬಡಿತ ನಿಲ್ಲಲಿಲ್ಲ.

ಆರು. ಏಳು. ಟಿ.ವಿ.ಯ ಅಬ್ಬರದ ಹಾಡಿನ ಅಡಿಯಲ್ಲಿ ಹೆಣ್ಣಿನ ದನಿಯೊಂದು "ಇಲ್ರಿ, ಇಲ್ರಿ, ಇಲ್ರಿ" ಎನ್ನುತ್ತಿತ್ತು. ಎಂಟನೆಯ ಹೊಡೆತಕ್ಕೆ ಅದೂ ನಿಂತಿತು. ನಂತರ ಏನೋ ಭಾರವಾದುದನ್ನು ನೆಲದ ಮೇಲೆ ಎಳೆದೊಯ್ದ ಸಪ್ಪಳ.

ನಾನು ಇಳಿದು ಹೋಗಿ ಅವರ ಬಾಗಿಲನ್ನು ಎರಡೂ ಮುಷ್ಟಿಗಳಿಂದ ಗುದ್ದಿದೆ. ಬಹಳ ಹೊತ್ತಿನ ಮೇಲೆ ಅವಿನಾಶನು ಒಳಗಿನ ಸರಪಳಿ ಬಿಡುವಷ್ಟೇ ಬಾಗಿಲು ತೆರೆದನು. ಮುಖದ ಮೇಲೆ ಬೆವರಿತ್ತು.

"ಏನ್ರಿ ಸಾಹೇಬ್ರ? ಇವತ್ತ ನಿಮ್ಮ ರೈಲು ಭಾಳ ಶ್ಯಾಣ್ಯಾ ಆಗೇದಲಾ! ಸಪ್ಪಳನ ಇಲ್ಲ."

"ರೈಲಿನ ಸಪ್ಪಳಿಲ್ಲ. ಮತ್ಯಾಕ ಹೊಡದಿ?"

"ಸಾರಿಗೆ ಉಪ್ಪು ಕಮ್ಮಿ ಇತ್ತು" ಎಂದು ನಗುತ್ತ ಬಾಗಿಲು ಮುಚ್ಚಿದನು.

ಅಂದಿನಿಂದ ಪ್ರತಿ ಮಧ್ಯಾಹ್ನ ನೆಲಕ್ಕೆ ಕಿವಿಯಿಟ್ಟು ಮಲಗುವುದು ನನ್ನ ಕೆಲಸವಾಯಿತು. ಹಳಿಯವನು ಕಂಡ ದೋಷವನ್ನು ದಿನಚರಿಯಲ್ಲಿ ಬರೆಯದೆ ಮಲಗುವಂತಿಲ್ಲ. ನಾನು ಹಳೆಯ ದಿನಚರಿಯ ಖಾಲಿ ಹಾಳೆಗಳಲ್ಲಿ ದಿನಾಂಕ, ವೇಳೆ, ಹೊಡೆತಗಳನ್ನು ಬರೆದೆ. ಉಪ್ಪಿಗಾಗಿ ಒಂದು ದಿನ, ಫೋನು ಎತ್ತಲು ತಡವಾದುದಕ್ಕೆ ಒಂದು ದಿನ, ಚಾಲಕನೊಬ್ಬನು ಕೆಲಸ ಬಿಟ್ಟುದಕ್ಕೆ ಒಂದು ದಿನ. ಯಾವ ಕಾರಣವೂ ಕೇಳಿಸದೆ ಬರಿಯ ಹೊಡೆತಗಳು ಕೇಳಿದ ದಿನಗಳೂ ಇದ್ದವು. ಇಷ್ಟು ವರ್ಷ ನನ್ನ ಗಾಡಿಯ ಗಡಗಡವು ಈ ಸಪ್ಪಳವನ್ನು ಮುಚ್ಚಿ ಕಾಯುತ್ತಿತ್ತು. ಅವನಿಗೆ ನನ್ನ ರೈಲು ಕಾರಣವೂ ಆಗಿತ್ತು, ಮರೆಯೂ ಆಗಿತ್ತು.

ಒಂಬತ್ತನೆಯ ದಿನ ಪೊಲೀಸರನ್ನು ಕರೆದೆ. ಇಬ್ಬರು ಬಂದು ಮರ್ಯಾದೆಯಿಂದಲೇ ವಿಚಾರಿಸಿದರು. ಮಂಜರಿ ಗಂಡನ ಪಕ್ಕದಲ್ಲಿ ನಿಂತು, ಬಚ್ಚಲಲ್ಲಿ ಜಾರಿಬಿದ್ದೆ ಎಂದಳು. ಅವರು ಮರಳಿದರು. ಆ ಸಂಜೆಯೇ ಅವಿನಾಶನು ಬಾಗಿಲಿಗೆ ಹೊಸ ಕೀಲಿ ಹಾಕಿಸಿದನು. ಮಂಜರಿಯ ಫೋನನ್ನು ಕಿತ್ತುಕೊಂಡನು. ಅದು ನನ್ನ ಕರೆಯ ಫಲ. ದಿನಚರಿಯಲ್ಲಿ ಅದನ್ನೂ ಬರೆದೆ.

ಅವಳೊಡನೆ ಮಾತಾಡಲು ಉಳಿದದ್ದು ಅಡಿಗೆಮನೆಯ ಹಿಂದಿನ ಒಗೆಯುವ ಕಟ್ಟೆಯೊಂದೇ. ನಮ್ಮ ಕಟ್ಟೆಯ ನೇರ ಕೆಳಗೆ ಅವರದು. ಕಬ್ಬಿಣದ ಜಾಳಿಗೆಯೊಳಗಿನಿಂದ ಅವಳು ಮುಖವೆತ್ತಿದರೆ ಮೂಗು, ಹಣೆ ಕಾಣಿಸುತ್ತಿದ್ದವು. ಅವಿನಾಶನು ಹೊರಗಿದ್ದಾಗ ಇಂದೂ ಹಗ್ಗಕ್ಕೆ ಡಬ್ಬಿ ಕಟ್ಟಿ ಪಲ್ಯ, ಗುಳಿಗೆ, ಮುಲಾಮು ಇಳಿಸುತ್ತಿದ್ದಳು. ಇಪ್ಪತ್ತೆರಡನೆಯ ದಿನ ಡಬ್ಬಿಯನ್ನು ಬಿಚ್ಚಿಕೊಳ್ಳಲು ಅವಳ ಒಂದು ಕೈ ಮಾತ್ರ ಮೇಲೆ ಬಂದಿತು. ಇನ್ನೊಂದು ಏಳುತ್ತಿರಲಿಲ್ಲ.

"ಪೊಲೀಸ್ರನ್ನ ಮತ್ತ ಕರೀಲೇನವ್ವಾ?" ಎಂದು ಇಂದೂ ಬಾಗಿ ಕೇಳಿದಳು.

"ಬ್ಯಾಡ್ರಿ ಕಾಕು. ಅವರು ಬಾಗಲಾ ಬಡ್ಯೂದ್ರಾಗ ಇಂವಾ ನನ್ನ ಮುಗಸ್ತಾನ. ಹಂಗಂತ ನಿನ್ನೆ ಕುತ್ತಿಗಿ ಹಿಡದ ಹೇಳ್ಯಾನ. ಹೊರಗ ಹೋದ್ರ ಹೊರಗಿಂದ ಕೀಲಿ, ಒಳಗಿದ್ರ ಒಳಗಿಂದ ಕೀಲಿ. ಕೀಲಿ ಕಿಸೇದಾಗ. ಬಾಗಲಾ ಒಂದ ತೆರದಿದ್ರ ನಾ ಚಪ್ಪಲಿನೂ ಹುಡುಕೂದಿಲ್ಲ ಕಾಕು, ಓಡ್ತೀನಿ."

ಆ ಬಾಗಿಲು ಹಾರು ಹೊಡೆದು ತೆರೆದಿದ್ದನ್ನು ನಾನು ಒಮ್ಮೆ ಕಂಡಿದ್ದೆ. ಅವನು ಹಿಂದೆ ತಿರುಗಿ ನೋಡದೆ ಅದನ್ನು ಬಿಟ್ಟು ಬಂದಿದ್ದು ಒಂದೇ ಸಲ, ನನ್ನ ಇಂಜಿನ್ನನ್ನು ಒಡೆಯಲು.

ಸಂಜೆ ಎರಡಂಗುಲದ ಆರು ಸ್ಕ್ರೂಗಳನ್ನು ತಂದೆ. ಜಲ್ಲಿ, ಕಾರ್ಕು, ಚಾಪೆಗಳನ್ನು ತೂರಿಕೊಂಡು ಪ್ಲೈವುಡ್ಡನ್ನು ಕಚ್ಚುವ ಹಾಗೆ ಆರನ್ನೂ ಹಳಿಯ ಮಗ್ಗುಲಲ್ಲಿ ಬಿಗಿದೆ. ಮೇಜಿನ ಕಾಲಿನ ರಬ್ಬರಿನ ಬಿಲ್ಲೆಗಳನ್ನು ಎಳೆದು ತೆಗೆದೆ. ವಾರಗಟ್ಟಲೆ ಮೈಮುರಿದು ಕಟ್ಟಿದ ಮೌನವು ಹತ್ತು ನಿಮಿಷದಲ್ಲಿ ಸತ್ತಿತು. ಮಂಜರಿ ಜಾಳಿಗೆಯೊಳಗಿನಿಂದ ಹೇಳಿದ್ದ ನಂಬರಿಗೆ, ಎರಡು ತಾಸಿನ ದಾರಿಯ ಶಿರೂರಿನಲ್ಲಿದ್ದ ಅವಳ ತಮ್ಮ ಮಿಥುನನಿಗೆ, ಇಂದೂ ಫೋನು ಮಾಡಿದಳು.

"ನಾಳೆ ಮೂರಕ್ಕ ಗಾಡಿ ತಗೊಂಡು ಗೇಟಿನ ಹೊರಗ ನಿಲ್ಲು. ಮ್ಯಾಲ ಬರಬ್ಯಾಡ. ನೀ ಜಗಳಕ್ಕ ನಿಂತ್ರ ಆಕಿನ್ನ ಕರಕೊಂಡ್ಹೋಗವ್ರು ಯಾರು?"

ಯೋಜನೆ ಇಷ್ಟೆ: ಮೂರು ಗಂಟೆಗೆ ನಾನು ಗಾಡಿ ಬಿಡುವುದು. ಇಂದೂ ಮೇಲಿನ ಮಹಡಿಯ ಮೆಟ್ಟಿಲಲ್ಲಿ ಕಾಯುವುದು. ಅವನು ನಮ್ಮ ಮನೆ ಹೊಕ್ಕೊಡನೆ ಇಳಿದು ಮಂಜರಿಯನ್ನು ಗೇಟಿಗೆ ಒಯ್ಯುವುದು. ಕಾರು ಹೊರಟ ಮೇಲೆ ನನ್ನ ಹಳೆಯ ಸೀಟಿಯನ್ನು ಎರಡು ಸಲ ಊದುವುದು. ಅಲ್ಲಿಯವರೆಗೆ ಅವನನ್ನು ಮೇಲೆ ಹಿಡಿದಿಡುವ ಕೆಲಸ ನನ್ನದು.

"ನಿಮಗ ಎಪ್ಪತ್ತೊಂದು" ಎಂದಳು ಇಂದೂ.

"ಎರಡು ನಿಮಿಷದ ಕೆಲಸ."

"ಅಂವಾ ಎರಡು ನಿಮಿಷದಾಗ ಏನ್ ಮಾಡ್ತಾನ ಅನ್ನೂದು ನಿಮ್ಮ ಡೈರ‍್ಯಾಗ ಬರದದ."

ಅವಳು ಸೀಟಿಯನ್ನು ಸೆರಗಿನಿಂದ ಒರೆಸಿ ಕೊರಳಿಗೆ ಹಾಕಿಕೊಂಡಳು.

ಮರುದಿನ ಮೂರಕ್ಕೆ ಹತ್ತು ನಿಮಿಷವಿರುವಾಗ ಮಿಥುನನ ಫೋನು ಬಂದಿತು: ದಾರಿಯಲ್ಲಿ ಗಾಡಿಗಳ ಸಾಲು ನಿಂತಿದೆ, ಇನ್ನೂ ಅರ್ಧ ಗಂಟೆ ಬೇಕು. ಆಗಲಿ ಎಂದು ನೆಲಕ್ಕೆ ಕಿವಿಯಿಟ್ಟೆ. ಟಿ.ವಿ. ಅಬ್ಬರಿಸುತ್ತಿತ್ತು. ಹೊಡೆತ ಆಗಲೇ ಶುರುವಾಗಿತ್ತು, ಹಿಂದೆಂದೂ ಇಲ್ಲದಷ್ಟು ಬಿರುಸಾಗಿ, ಒಂದರ ಬೆನ್ನಿಗೆ ಒಂದು. ಪಾತ್ರೆಗಳು ಉರುಳಿದವು. ಅವಳ ದನಿ ಬಾಯಿಗೆ ಬಟ್ಟೆ ತುರುಕಿದಂತೆ ಅರ್ಧಕ್ಕೆ ಕತ್ತರಿಸಿಹೋಯಿತು.

ಅರ್ಧ ಗಂಟೆ ಅವಳಿಗೆ ಉಳಿದಿರಲಿಲ್ಲ. "ಹೋಗು" ಎಂದೆ. ಇಂದೂ ಬರಿಗಾಲಲ್ಲಿ ಮೆಟ್ಟಿಲು ಹತ್ತಿದಳು. ನಾನು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.

ಆರು ಸ್ಕ್ರೂಗಳು ಮಾತಾಡಿದವು. ಹಲಗೆ ಗುಡುಗಿತು, ಮೇಜಿನ ಕಾಲುಗಳು ಫರ್ಶಿಯ ಮೇಲೆ ಕಟಕಟಿಸಿದವು, ತಾಟಿನ ಸಾಸಿವೆ ಹಾರಿ ಕೋಣೆಯ ತುಂಬ ಚೆಲ್ಲಿತು. ಗಾಡಿ ಒಂದು ಸುತ್ತು ಹಾಕಿತು, ಎರಡು ಸುತ್ತು ಹಾಕಿತು. ಮೂರನೆಯ ಸುತ್ತಿನಲ್ಲಿ ಕೆಳಗಿನ ಬಾಗಿಲು ಗೋಡೆಗೆ ಅಪ್ಪಳಿಸಿತು.

ಅವಿನಾಶನ ಕೈಯಲ್ಲಿ ಗಾಡಿಯ ಜಾಕು ತಿರುಗಿಸುವ ಕಬ್ಬಿಣದ ಸಲಾಕೆಯಿತ್ತು. ಅಂಗಿಯ ತೋಳಿನ ಮೇಲೆ ರಕ್ತವಿತ್ತು, ಅದು ಅವನದಲ್ಲ. ಒಂದು ಮಾತನ್ನೂ ಆಡದೆ ಮೊದಲ ಏಟನ್ನು ಸೇತುವೆಯ ಮೇಲೆ ಹಾಕಿದನು. ಎರಡನೆಯದಕ್ಕೆ ಹಲಗೆ ನಡುವೆ ಸೀಳಿತು. ಕಾರ್ಕಿನ ಪಟ್ಟಿಗಳು ಹಾವಿನ ಪೊರೆಯ ಹಾಗೆ ಎದ್ದು ಬಂದವು. ಮೂರನೆಯದು ನನ್ನ ತಲೆಗೆ ಬರುತ್ತಿತ್ತು. ಎಡಗೈಯನ್ನು ಮುಂದೊಡ್ಡಿದೆ, ಮಣಿಕಟ್ಟಿನ ಮೂಳೆ ಮುರಿದ ಸಪ್ಪಳ ನನಗೂ ಕೇಳಿತು, ಅವನಿಗೂ ಕೇಳಿತು.

"ಸಾಕಾತೇನಲೇ ಮುದಕಾ?"

"ಇಷ್ಟಕ್ಕ ಸಾಕಾದ್ರ ಹ್ಯಾಂಗ? ಸುರಂಗ ಇನ್ನೂ ನಿಂತದ ನೋಡು" ಎಂದೆ.

ಅವನು ಸುರಂಗವನ್ನು ಪುಡಿ ಮಾಡಿದನು. ಅನಂತರ ನನ್ನ ಎದೆಗೆ ಒದ್ದನು. ಬಿದ್ದವನ ಪಕ್ಕೆಗೆ ಮತ್ತೆ ಒದ್ದನು. ನಾನು ಎಣಿಸುತ್ತಿದ್ದೆ. ಮೆಟ್ಟಿಲು ಮೂವತ್ತಾರು, ಅಂಗಳ ಐವತ್ತು ಹೆಜ್ಜೆ. ಏಟು ತಿಂದ ಹೆಣ್ಣು, ಅರವತ್ತೇಳರ ಹೆಂಗಸು. ಗೇಟಿನ ಹೊರಗೆ ಕಾರಿಲ್ಲ. ಸೀಟಿ ಬರುವುದಿಲ್ಲವೆಂದು ಗೊತ್ತಿದ್ದೂ ಕಿವಿ ಅದನ್ನೇ ಕಾಯುತ್ತಿತ್ತು. ಎದುರುಮನೆಯವರು ಕೆಲಸಕ್ಕೆ ಹೋದವರು; ಇಡೀ ಮಹಡಿಯಲ್ಲಿ ನಾವಿಬ್ಬರೇ.

ಇದ್ದಕ್ಕಿದ್ದಂತೆ ಅವನು ಒದೆಯುವುದನ್ನು ನಿಲ್ಲಿಸಿದನು. ಗಾಡಿಯ ಸಪ್ಪಳ ಅಡಗಿ ಕೋಣೆ ಮೌನವಾಗಿತ್ತು. ಆ ಮೌನದಲ್ಲಿ ಅವನಿಗೆ ತನ್ನ ತೆರೆದ ಬಾಗಿಲಿನ ನೆನಪಾಗಿರಬೇಕು.

"ಆಕಿ—" ಎಂದವನೇ ತಿರುಗಿದನು.

ನಾನು ಅವನ ಕಾಲಿಗೆ ಬಿದ್ದೆ. ನಮಸ್ಕಾರಕ್ಕಲ್ಲ. ಬಲಗೈಯನ್ನು ಅವನ ಮೀನಖಂಡದ ಸುತ್ತ ಬಳಸಿ, ಮುಖವನ್ನು ಅವನ ಮೊಣಕಾಲಿಗೆ ಒತ್ತಿ, ಜೀವವನ್ನೆಲ್ಲ ಆ ಒಂದು ತೋಳಿಗೆ ಇಳಿಸಿದೆ. ಅವನು ನನ್ನನ್ನು ಎಳೆದುಕೊಂಡು ಹೊಸ್ತಿಲವರೆಗೆ ಹೋದನು. ಹೊಸ್ತಿಲಿಗೆ ನನ್ನ ಸೊಂಟ ಸಿಕ್ಕಿಕೊಂಡಿತು. ಸಲಾಕೆಯಿಂದ ಬೆನ್ನಿಗೆ ಹೊಡೆದನು: ಒಂದು, ಎರಡು. ಬಗ್ಗಿ ಕೂದಲು ಹಿಡಿದು ಹಣೆಯನ್ನು ಚೌಕಟ್ಟಿಗೆ ಬಡಿದನು: ಮೂರು, ನಾಲ್ಕು. ಬಾಯಲ್ಲಿ ಹಲ್ಲೊಂದು ಸಡಿಲವಾಗಿ ನಾಲಗೆಗೆ ತಾಗಿತು. ಇಪ್ಪತ್ತೆರಡು ದಿನ ನೆಲದ ಮೇಲೆ ಮಲಗಿ ನಾನು ಎಣಿಸಿದ್ದು ಇದನ್ನೇ. ಆಗ ಎಣಿಕೆ ಮಾತ್ರ ನನ್ನದಾಗಿತ್ತು, ಹೊಡೆತ ಅವಳದಾಗಿತ್ತು. ಹನ್ನೊಂದರ ಮೇಲೆ ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಆರಂಭಿಸಿದೆ.

"ಬಿಡಲೇ! ಸಾಯಿಸಿಬಿಡ್ತೀನಿ!"

ನಾನು ಬಿಡಲಿಲ್ಲ. ಎಷ್ಟು ಹೊತ್ತು ಹಾಗಿದ್ದೆನೋ ಹೇಳಲಾರೆ.

ಗೇಟಿನ ಕಡೆಯಿಂದ ಸೀಟಿ ಕೂಗಿತು, ದೀರ್ಘವಾಗಿ ಒಂದು ಸಲ. ಉಸಿರೆಳೆದುಕೊಳ್ಳುವಷ್ಟು ಬಿಟ್ಟು ಇನ್ನೊಂದು ಸಲ.

ತೋಳನ್ನು ಸಡಿಲಿಸಿದೆ. "ಹೋಗಪಾ, ಈಗ ಹೋಗು" ಎಂದೆ.

ಅವನು ಹಾರಿ ಇಳಿದನು. "ಮಂಜರೀ!" ಎಂಬ ಕೂಗು ಎರಡನೆಯ ಮಹಡಿಯಲ್ಲೊಮ್ಮೆ, ಅಂಗಳದಲ್ಲೊಮ್ಮೆ ಕೇಳಿಸಿತು. ಗೇಟಿನ ಕಾವಲುಗಾರನೂ ಇಸ್ತ್ರಿ ಅಂಗಡಿಯವನೂ ಸೇರಿ ಸಲಾಕೆ ಹಿಡಿದ ಅವನನ್ನು ಕೆಡವಿ, ಪೊಲೀಸರು ಬರುವವರೆಗೆ ಅವನ ಮೇಲೆ ಕುಳಿತರಂತೆ.

ಆಸ್ಪತ್ರೆಗೆ ಹವಾಲ್ದಾರನು ಬಂದಾಗ ನನ್ನ ಎಡಗೈಗೆ ಪ್ಲಾಸ್ಟರು ಹಾಕಿದ್ದರು. ಇಂದೂ ಪಕ್ಕದಲ್ಲಿದ್ದಳು; ಸೀಟಿಯಿನ್ನೂ ಅವಳ ಕೊರಳಲ್ಲಿತ್ತು. ದಾರಿ ಬೇಗ ತೆರವಾಗಿ ಮಿಥುನನು ಹತ್ತೇ ನಿಮಿಷದಲ್ಲಿ ಗೇಟು ಮುಟ್ಟಿದನೆಂದು ಅವಳು ಹೇಳಿದಳು. ಮಂಜರಿ ಶಿರೂರಿನ ಆಸ್ಪತ್ರೆಯಲ್ಲಿ ತನ್ನ ಹೇಳಿಕೆ ಬರೆಸುತ್ತಿದ್ದಾಳೆಂದು ಮಿಥುನನು ಫೋನಿನಲ್ಲಿ ಹೇಳಿದ್ದನು. ಅವಳ ಭುಜದ ಮೂಳೆ ಎರಡು ಕಡೆ ಮುರಿದಿತ್ತು. ಒಂದು ಕಡೆಯದು ಹಳೆಯ ಮುರಿತ.

ಹವಾಲ್ದಾರನು ನನ್ನ ಮಾತನ್ನೆಲ್ಲ ಮರಾಠಿಯಲ್ಲಿ ಬರೆದುಕೊಂಡು ಓದಿ ತೋರಿಸಿದನು. ಕೊನೆಗೆ, "ಜಗಳದ ಕಾರಣ ಆಟದ ರೈಲಿನ ಸಪ್ಪಳ ಅಂತ ಬರೆದಿದ್ದೇನೆ ಕಾಕಾ. ಅವನೂ ಹಾಗೇ ಹೇಳುತ್ತಾನೆ. ಸಹಿ ಮಾಡಿ" ಎಂದನು.

"ಅದನ್ನು ಹೊಡೆದುಹಾಕಿ" ಎಂದೆ, ನನ್ನ ಮರಾಠಿಯಲ್ಲಿ.

"ಯಾಕೆ? ಸಪ್ಪಳ ಮಾಡಿದೆ ಅಂತ ನೀವೇ ಹೇಳಿದಿರಿ."

"ಇವತ್ತು ಮಾಡಿದೆ, ಬೇಕೆಂದೇ ಮಾಡಿದೆ. ಅದನ್ನೂ ಬರೆಯಿರಿ. ಆದರೆ ಇವತ್ತಿಗೆ ಮುಂಚೆ ಇಪ್ಪತ್ತೆರಡು ದಿನ ನನ್ನ ಹಳಿ ಸದ್ದು ಮಾಡಿಲ್ಲ. ಅವುಗಳಲ್ಲಿ ಹದಿನಾಲ್ಕು ದಿನ ಅವನು ಹೆಂಡತಿಗೆ ಹೊಡೆದಿದ್ದಾನೆ."

ಇಂದೂ ಚೀಲದಿಂದ ದಿನಚರಿಯನ್ನು ತೆಗೆದು ಅವನ ಮುಂದಿಟ್ಟಳು. ಅವನು ಹಾಳೆ ತಿರುವಿದನು; ನಡುನಡುವೆ ನಿಂತು ಓದಿದನು; ಒಮ್ಮೆ ತಲೆಯೆತ್ತಿ ನನ್ನ ಮುಖವನ್ನು ನೋಡಿದನು. ಕೊನೆಗೆ ತಾನು ಬರೆದ ಸಾಲಿನ ಮೇಲೆ ಅಡ್ಡಗೆರೆ ಎಳೆದು ಹೊಸ ಸಾಲು ಬರೆದನು: ಹೆಂಡತಿಗೆ ಹೊಡೆಯುತ್ತಿದ್ದವನನ್ನು ತಡೆದದ್ದೇ ಜಗಳದ ಕಾರಣ.

ಅದನ್ನು ಎರಡು ಸಲ ಓದಿದೆ. ಬಲಗೈ ನೆಟ್ಟಗಿತ್ತು. ಸಹಿ ಮಾಡಿದೆ.